ಉರಿ ತಳ ದಾಟದಿರಲಿ

ಎರಡು ಲೋಟ ಚಹಾ ಕಾಸುವ ಚಿಕ್ಕ ಪಾತ್ರೆಯನ್ನು ದೊಡ್ಡ ಬರ್ನರ್ ಮೇಲಿಟ್ಟು ನಾಬ್ ಪೂರ್ತಿ ತಿರುಗಿಸಿದರೆ ಏನಾಗುತ್ತದೆ? ಉರಿ ತಳಕ್ಕೆ ತಾಗಿ, ಅಲ್ಲಿ ಜಾಗ ಸಾಲದೆ ಬದಿಯಗುಂಟ ಮೇಲೇರುತ್ತದೆ. ಹಿಡಿ ಕಾದು ಕೈ ಸುಡುತ್ತದೆ. ಹಿಡಿಗೆ ಪ್ಲಾಸ್ಟಿಕ್ ಹಾಕಿದ್ದರೆ ಕಮಟು ವಾಸನೆ ಬರುತ್ತದೆ. ಪಾತ್ರೆ ಇಳಿಸಲು ಹೋದಾಗ ಸೆರಗೋ ದುಪಟ್ಟಾವೋ ಆ ಉರಿಗೆ ಸಿಗುತ್ತದೆ. ಇಷ್ಟಾದರೂ ನೀರು ನಾವೆಣಿಸಿದಷ್ಟು ಬೇಗ ಕುದಿಯುವುದಿಲ್ಲ, ಏಕೆಂದರೆ ಬದಿಗೆ ಏರಿದ ಶಾಖದ ಬಹುಪಾಲು ಅಡುಗೆಮನೆಯ ಗಾಳಿಗೆ ಹೋಗಿಬಿಟ್ಟಿರುತ್ತದೆ.

ಗ್ಯಾಸ್ ಒಲೆಯ ಸುರಕ್ಷತೆ ಒಂದು, ಗ್ಯಾಸ್ ಉಳಿಸುವುದು ಇನ್ನೊಂದು, ಯಾವ ಪಾತ್ರೆ ಕೊಳ್ಳಬೇಕೆಂಬುದು ಮತ್ತೊಂದು ಎಂದು ನಾವು ಬೇರೆಬೇರೆಯಾಗಿ ಯೋಚಿಸುತ್ತೇವೆ. ಅಡುಗೆ ಕಟ್ಟೆಯ ಮುಂದೆ ನಿಂತಾಗ ಮೂರೂ ಒಂದೇ. ಉರಿ ಪಾತ್ರೆಯ ತಳದಲ್ಲಿ ಹರಡಿಕೊಂಡು ಅಲ್ಲೇ ನಿಲ್ಲಬೇಕು. ತಳ ದಾಟಿತೆಂದರೆ ಅಪಾಯವೂ ಹೆಚ್ಚು, ಖರ್ಚೂ ಹೆಚ್ಚು, ಪಾತ್ರೆಯೂ ಬೇಗ ಹಾಳು. ಇದು ಏಕೆ ಹೀಗೆ ಎಂದು ತಿಳಿಯಬೇಕಾದರೆ ಮೊದಲು ಆ ನೀಲಿ ಉರಿ ಹುಟ್ಟುವ ಬಗೆಯನ್ನು ನೋಡಬೇಕು.

ನೀಲಿ ಉರಿ ಹುಟ್ಟುವ ಬಗೆ

ಸಿಲಿಂಡರಿನಲ್ಲಿ ಇರುವುದು ಪ್ರೊಪೇನ್ ಮತ್ತು ಬ್ಯುಟೇನ್ ಎಂಬ ಎರಡು ಅನಿಲಗಳ ಮಿಶ್ರಣ. ಒತ್ತಡಕ್ಕೆ ಸಿಕ್ಕು ಅವು ದ್ರವವಾಗಿರುತ್ತವೆ. ಮನೆಬಳಕೆಯ ಸಿಲಿಂಡರಿನಲ್ಲಿ ಹೀಗೆ 14.2 ಕಿಲೋ ದ್ರವ ತುಂಬಿರುತ್ತಾರೆ. ಒಂದು ಲೀಟರ್ ದ್ರವ ಹೊರಬಂದು ಅನಿಲವಾದರೆ ಸುಮಾರು 250 ಲೀಟರ್ ಜಾಗ ಹಿಡಿಯುತ್ತದೆ. ಒಳಗಿನ ಈ ದೊಡ್ಡ ಒತ್ತಡವನ್ನು ಇಳಿಸಿ, ಒಲೆಗೆ ಬೇಕಾದ ಅತಿ ಕಡಿಮೆ ಒತ್ತಡದಲ್ಲಿ ಗ್ಯಾಸ್ ಬಿಡುವುದೇ ರೆಗ್ಯುಲೇಟರಿನ ಕೆಲಸ. ಆ ಒತ್ತಡ ಎಷ್ಟು ಕಡಿಮೆಯೆಂದರೆ, ಒಂದಡಿ ಎತ್ತರದ ನೀರು ತನ್ನ ತಳದ ಮೇಲೆ ಹಾಕುವಷ್ಟು.

ಕೆಲವು ಮನೆಗಳಲ್ಲಿ ಗ್ಯಾಸ್ ಮುಗಿಯುತ್ತ ಬಂದಾಗ ಸಿಲಿಂಡರನ್ನು ಅಡ್ಡ ಮಲಗಿಸಿ, ಅಲ್ಲಾಡಿಸಿ, ಇಲ್ಲವೇ ಬಿಸಿನೀರಿನಲ್ಲಿ ಇಟ್ಟು ಕೊನೆಯ ಹನಿಯವರೆಗೂ ಉರಿಸುವ ಅಭ್ಯಾಸವಿದೆ. ದಯವಿಟ್ಟು ಬಿಟ್ಟುಬಿಡಿ. ಸಿಲಿಂಡರ್ ನೆಟ್ಟಗಿದ್ದಾಗ ಮೇಲಿರುವ ಅನಿಲ ಮಾತ್ರ ಹೊರಬರುತ್ತದೆ. ಮಲಗಿಸಿದರೆ ದ್ರವವೇ ರೆಗ್ಯುಲೇಟರಿಗೆ ನುಗ್ಗಬಹುದು. ಅದು ಪೈಪಿನಲ್ಲಿ ಅನಿಲವಾಗಿ ನೂರಾರು ಪಟ್ಟು ಹಿಗ್ಗಿದಾಗ ಬರ್ನರಿನಲ್ಲಿ ಏಳುವ ಜ್ವಾಲೆ ತಲೆಯೆತ್ತರಕ್ಕೂ ಹೋಗುತ್ತದೆ. ಉಳಿದ ಹತ್ತಿಪ್ಪತ್ತು ರೂಪಾಯಿಯ ಗ್ಯಾಸಿಗಾಗಿ ಆ ಪಂಥ ಬೇಡ.

ನಾಬ್ ತಿರುಗಿಸಿದಾಗ ಗ್ಯಾಸ್ ಮೊದಲು ಹಾದುಹೋಗುವುದು ಜೆಟ್ ಎಂಬ ಪುಟ್ಟ ಹಿತ್ತಾಳೆ ತುಂಡಿನ ಮೂಲಕ. ಅದರ ತೂತು ಸೂಜಿಮೊನೆಯಷ್ಟು ಸಣ್ಣದು. ಅಲ್ಲಿಂದ ರಭಸವಾಗಿ ಚಿಮ್ಮುವ ಗ್ಯಾಸ್ ಪಕ್ಕದ ಕಿಂಡಿಯಿಂದ ಗಾಳಿಯನ್ನು ತಾನಾಗಿ ಎಳೆದುಕೊಳ್ಳುತ್ತದೆ. ಗಾಳಿ ಬೆರೆತ ಗ್ಯಾಸ್ ಬರ್ನರಿನ ತೂತುಗಳಿಂದ ಹೊರಬಂದು ಸುತ್ತಲಿನ ಗಾಳಿಯನ್ನೂ ಸೇರಿಸಿಕೊಂಡು ಉರಿಯುತ್ತದೆ. ಒಂದು ಲೀಟರ್ ಪ್ರೊಪೇನ್ ಪೂರ್ತಿ ಉರಿಯಲು ಸುಮಾರು 24 ಲೀಟರ್ ಗಾಳಿ ಬೇಕು. ಬ್ಯುಟೇನಿಗೆ ಇನ್ನೂ ಹೆಚ್ಚು, 31 ಲೀಟರ್. ಚಳಿಯೆಂದೋ, ಉರಿ ಅಲ್ಲಾಡುತ್ತದೆಂದೋ ಅಡುಗೆಮನೆಯ ಕಿಟಕಿಯನ್ನೆಲ್ಲ ಮುಚ್ಚಿಕೊಂಡು ಗಂಟೆಗಟ್ಟಲೆ ಅಡುಗೆ ಮಾಡುವವರು ಈ ಲೆಕ್ಕವನ್ನು ನೆನಪಿಡಬೇಕು. ಕಿಟಕಿ ಸ್ವಲ್ಪವಾದರೂ ತೆರೆದಿರಲಿ. ಗಾಳಿ ನೇರವಾಗಿ ಒಲೆಗೆ ಬಡಿಯದಂತೆ ಇದ್ದರೆ ಸಾಕು.

ಉರಿಯ ಬಣ್ಣವೇ ಒಲೆಯ ಆರೋಗ್ಯವನ್ನು ಹೇಳುತ್ತದೆ. ಹತ್ತಿರದಿಂದ ನೋಡಿದರೆ ಪ್ರತಿ ತೂತಿನ ಮೇಲೂ ತಿಳಿನೀಲಿಯ ಒಂದು ಪುಟ್ಟ ಮೊಗ್ಗು, ಅದರ ಸುತ್ತ ಮಸುಕು ನೀಲಿಯ ಹೊದಿಕೆ ಕಾಣುತ್ತವೆ. ಒಳಮೊಗ್ಗಿನಲ್ಲಿ ಇರುವುದು ಇನ್ನೂ ಉರಿಯದ ಗ್ಯಾಸ್. ಅದರ ತುದಿಗಿಂತ ತುಸು ಮೇಲೆ ಶಾಖ ಅತಿ ಹೆಚ್ಚು. ಪಾತ್ರೆಯ ತಳ ನಿಲ್ಲಬೇಕಾದ ಜಾಗ ಅದು. ಒಲೆಯ ಮೇಲಿನ ಸ್ಟ್ಯಾಂಡ್ ಇಂತಿಷ್ಟೇ ಎತ್ತರ ಇರುವುದಕ್ಕೂ ಅದೇ ಕಾರಣ. ಒಗ್ಗರಣೆ ಸೌಟು ಸ್ಟ್ಯಾಂಡಿನ ಮೇಲೆ ನಿಲ್ಲುವುದಿಲ್ಲವೆಂದು ಅದನ್ನು ಬರ್ನರಿನ ನೆತ್ತಿಯ ಮೇಲೆಯೇ ಕೂರಿಸುವುದನ್ನು ಎಷ್ಟೋ ಮನೆಗಳಲ್ಲಿ ಕಾಣಬಹುದು. ಆಗ ತಣ್ಣನೆಯ ಲೋಹ ನೇರವಾಗಿ ಒಳಮೊಗ್ಗನ್ನೇ ಒತ್ತುತ್ತದೆ, ಗ್ಯಾಸ್ ಅರೆಬರೆ ಉರಿಯುತ್ತದೆ, ಸೌಟಿನ ತಳಕ್ಕೆ ಮಸಿ ಹಿಡಿಯುತ್ತದೆ, ವಾಸನೆಯೇ ಇಲ್ಲದ ವಿಷಾನಿಲ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಒಗ್ಗರಣೆ ಸೌಟಿಗೆ, ಕಾಫಿ ಪಾತ್ರೆಗೆ ಹೊಂದುವ ನಾಲ್ಕು ಕಡ್ಡಿಯ ಪುಟ್ಟ ಸ್ಟ್ಯಾಂಡ್ ಪಾತ್ರೆ ಅಂಗಡಿಯಲ್ಲಿ ಸಿಗುತ್ತದೆ. ಅಡುಗೆಮನೆಗೆ ಇಷ್ಟು ಅಗ್ಗದಲ್ಲಿ ಇಷ್ಟು ಉಪಯೋಗದ ವಸ್ತು ಬೇರೆ ಇಲ್ಲ.

ಉರಿ ಹಳದಿಯಾಗಿ ತುದಿ ಬಾಗಿ ಓಲಾಡುತ್ತಿದ್ದರೆ, ಪಾತ್ರೆಯ ತಳ ಕಪ್ಪಾಗುತ್ತಿದ್ದರೆ ಗಾಳಿ ಸಾಲುತ್ತಿಲ್ಲ ಎಂದರ್ಥ. ಗಾಳಿ ಎಳೆಯುವ ಕಿಂಡಿಯಲ್ಲಿ ಜಿಡ್ಡು, ಜೇಡರಬಲೆ, ಜಿರಳೆ ಮೊಟ್ಟೆ ಸೇರಿಕೊಂಡಿರಬಹುದು. ಸಾರು ಉಕ್ಕಿ ಬರ್ನರಿನ ತೂತುಗಳು ಮುಚ್ಚಿರಬಹುದು. ಆದರೆ ನೀಲಿ ಉರಿಯ ನಡುವೆ ಆಗಾಗ ಕಿತ್ತಳೆ ಬಣ್ಣದ ಕಿಡಿ ಮಿಂಚಿ ಮಾಯವಾದರೆ ಗಾಬರಿ ಬೇಡ. ಉಪ್ಪು ಬಿದ್ದಿದ್ದರೆ ಹಾಗಾಗುತ್ತದೆ. ಸಿಲಿಂಡರ್ ಮುಗಿಯುವ ಹೊತ್ತಿಗೆ ಉರಿ ಕೆಂಪಾಗುವುದಕ್ಕೂ ಕಾರಣವಿದೆ: ಹಗುರವಾದ ಪ್ರೊಪೇನ್ ಬೇಗ ಆವಿಯಾಗಿ ಮೊದಲು ಖಾಲಿಯಾಗುತ್ತದೆ, ಹೆಚ್ಚು ಗಾಳಿ ಬೇಡುವ ಬ್ಯುಟೇನ್ ತಳದಲ್ಲಿ ಉಳಿಯುತ್ತದೆ. ಇನ್ನು ಉರಿ ಬರ್ನರ್ ಬಿಟ್ಟು ಮೇಲೆ ಹಾರಿದಂತೆ ಕಂಡರೆ ಗಾಳಿ ಹೆಚ್ಚಾಗಿದೆ. ಬುಸ್ ಎಂಬ ಸದ್ದಿನೊಂದಿಗೆ ಬರ್ನರಿನ ಒಳಗೆ, ಜೆಟ್ಟಿನ ಬಳಿಯೇ ಉರಿ ಹತ್ತಿಕೊಂಡರೆ ತಕ್ಷಣ ನಾಬ್ ಮುಚ್ಚಿ, ಬರ್ನರ್ ಆರಿದ ಮೇಲೆ ಸರಿಯಾಗಿ ಕೂರಿಸಿ ಮತ್ತೆ ಹಚ್ಚಿ.

ಬರ್ನರನ್ನು ಬಿಸಿನೀರಿನಲ್ಲಿ ಸೋಪು ಹಾಕಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ತೂತುಗಳನ್ನು ಪಿನ್ನಿನಿಂದ ಬಿಡಿಸಿದರೆ ಸಾಕು. ಪೂರ್ತಿ ಒಣಗಿಸಿಯೇ ಹಾಕಬೇಕು. ಜೆಟ್ಟಿನ ತೂತಿಗೆ ಮಾತ್ರ ಪಿನ್ನು ಸೂಜಿ ಹಾಕಬೇಡಿ. ಅದು ಕೂದಲೆಳೆಯಷ್ಟು ಅಗಲವಾದರೂ ಗ್ಯಾಸ್ ಹೆಚ್ಚು ಬರುತ್ತದೆ, ಗಾಳಿಯ ಹೊಂದಾಣಿಕೆ ಕೆಡುತ್ತದೆ, ಹಳದಿ ಉರಿ ಕಾಯಂ ಆಗುತ್ತದೆ. ಅದನ್ನು ರಿಪೇರಿಯವರಿಗೇ ಬಿಡುವುದು ಒಳ್ಳೆಯದು.

ಉರಿ ಹಚ್ಚುವುದಕ್ಕೆ ಮೊದಲು

ಗ್ಯಾಸ್ ಒಲೆಯ ಅನಾಹುತಗಳಲ್ಲಿ ದೊಡ್ಡವು ನಡೆಯುವುದು ಉರಿಯಿಂದಲ್ಲ, ಉರಿಯದೆ ಸೋರಿದ ಗ್ಯಾಸಿನಿಂದ. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು, ಬ್ಯುಟೇನ್ ಎರಡು ಪಟ್ಟು ಭಾರ. ಸೋರಿದ ಗ್ಯಾಸ್ ಹೊಗೆಯಂತೆ ಮೇಲೆ ಹೋಗುವುದಿಲ್ಲ. ನೆಲಕ್ಕಿಳಿದು ಹರಡಿ, ಕಟ್ಟೆಯ ಕೆಳಗೆ, ಫ್ರಿಜ್ಜಿನ ಹಿಂದೆ, ಮೂಲೆಗಳಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಬೆರೆತರೂ ಸಾಕು, ಒಂದು ಕಿಡಿಗೆ ಹತ್ತಿಕೊಳ್ಳುತ್ತದೆ. ಗ್ಯಾಸಿಗೆ ಸ್ವಂತ ವಾಸನೆಯಿಲ್ಲ. ನಮಗೆ ಗೊತ್ತಾಗಲೆಂದೇ ಮರ್ಕ್ಯಾಪ್ಟನ್ ಎಂಬ ರಾಸಾಯನಿಕ ಸೇರಿಸಿ ಆ ಕೆಟ್ಟ ವಾಸನೆ ತರಿಸುತ್ತಾರೆ.

ವಾಸನೆ ಬಂದ ಕ್ಷಣ ಮಾಡಬಾರದ್ದನ್ನೇ ಮೊದಲು ಹೇಳಬೇಕು. ಯಾವ ಸ್ವಿಚ್ಚನ್ನೂ ಮುಟ್ಟಬೇಡಿ, ಹಾಕುವುದೂ ಬೇಡ, ಆರಿಸುವುದೂ ಬೇಡ. ಗ್ಯಾಸ್ ಹೊರಗೆ ಹೋಗಲೆಂದು ಎಕ್ಸಾಸ್ಟ್ ಫ್ಯಾನ್ ಹಾಕುವವರಿದ್ದಾರೆ, ಸ್ವಿಚ್ಚಿನೊಳಗೆ ಏಳುವ ಕಣ್ಣಿಗೆ ಕಾಣದ ಕಿಡಿಯೇ ಸಾಕಾಗುತ್ತದೆ. ನಾಬ್ ಮುಚ್ಚಿ, ರೆಗ್ಯುಲೇಟರ್ ಆಫ್ ಮಾಡಿ, ದೇವರ ದೀಪವಿದ್ದರೆ ಆರಿಸಿ, ಬಾಗಿಲು ಕಿಟಕಿ ಅಗಲಿಸಿ. ಸಾಧ್ಯವಾದರೆ ರೆಗ್ಯುಲೇಟರ್ ತೆಗೆದು ಸಿಲಿಂಡರಿಗೆ ಸುರಕ್ಷತಾ ಮುಚ್ಚಳ ಹಾಕಿ. ದಾರದಲ್ಲಿ ಕಟ್ಟಿರುವ ಆ ಮುಚ್ಚಳವನ್ನು ಕಿತ್ತೆಸೆಯದೆ ಇಟ್ಟುಕೊಳ್ಳುವುದು ಇದಕ್ಕೇ. ಮನೆಯವರೆಲ್ಲ ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಅದು ಗ್ಯಾಸ್ ಸೋರಿಕೆಗೆಂದೇ ಇರುವ, ಹಗಲು ರಾತ್ರಿ ಕೆಲಸ ಮಾಡುವ ಸಹಾಯವಾಣಿ.

ಸೋರಿಕೆ ಹೆಚ್ಚಾಗಿ ಎಲ್ಲಿಂದ? ಒಂದು, ಪೈಪು. ಉಕ್ಕಿನ ತಂತಿಯ ಬಲವಿರುವ ಕಿತ್ತಳೆ ಬಣ್ಣದ ಸುರಕ್ಷಾ ಪೈಪಿಗೆ ಐದು ವರ್ಷ ಆಯಸ್ಸು. ತಯಾರಾದ ವರ್ಷ ಅದರ ಮೇಲೆಯೇ ಅಚ್ಚಾಗಿರುತ್ತದೆ. ಜಿಡ್ಡಾಗುತ್ತದೆಂದು ಪೈಪಿಗೆ ಬಟ್ಟೆ ಸುತ್ತಿದರೆ ಬಿರುಕು ಬಿಟ್ಟರೂ ಕಾಣುವುದಿಲ್ಲ, ಇಲಿ ಕಚ್ಚಿದ್ದೂ ತಿಳಿಯುವುದಿಲ್ಲ. ಒಂದೂವರೆ ಮೀಟರಿಗಿಂತ ಉದ್ದದ ಪೈಪು ಬೇಡ, ಎರಡು ತುಂಡು ಜೋಡಿಸಿದ್ದಂತೂ ಬೇಡವೇ ಬೇಡ. ಎರಡು, ಸಿಲಿಂಡರಿನ ಬಾಯಿಯೊಳಗಿನ ಕಪ್ಪು ರಬ್ಬರ್ ವಾಷರ್. ಹೊಸ ಸಿಲಿಂಡರ್ ಬಂದಾಗ ಸೀಲ್ ಒಡೆದು ವಾಷರ್ ಇದೆಯೇ, ಹರಿದಿದೆಯೇ ಎಂದು ತಂದವರಿಂದಲೇ ನೋಡಿಸಿ. ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ಎಂದು ಪರೀಕ್ಷಿಸಬೇಕು. ಬೆಂಕಿಕಡ್ಡಿ ಗೀರಿ ನೋಡುವುದು ಆತ್ಮಹತ್ಯೆಗೆ ಸಮ. ಹಾಗೆಯೇ ಸಿಲಿಂಡರಿನ ಕುತ್ತಿಗೆಯ ಪಟ್ಟಿಯ ಒಳಬದಿಯಲ್ಲಿ ಒಂದು ಅಕ್ಷರ, ಎರಡಂಕಿಯ ವರ್ಷ ಬರೆದಿರುತ್ತಾರೆ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಏಪ್ರಿಲ್‌ನಿಂದ ಜೂನ್, ಸಿ ಜುಲೈಯಿಂದ ಸೆಪ್ಟೆಂಬರ್, ಡಿ ಅಕ್ಟೋಬರ್‌ನಿಂದ ಡಿಸೆಂಬರ್. ಆ ಅವಧಿಯೊಳಗೆ ಸಿಲಿಂಡರ್ ಮತ್ತೆ ಪರೀಕ್ಷೆಗೆ ಹೋಗಬೇಕು. ದಾಟಿದ್ದು ಮನೆಗೆ ಬಂದರೆ ವಾಪಸ್ ಕಳಿಸುವ ಹಕ್ಕು ನಿಮಗಿದೆ.

ಮೂರನೆಯದು ದಿನನಿತ್ಯದ್ದು, ಅದಕ್ಕೇ ಹೆಚ್ಚು ಅಪಾಯದ್ದು: ಹಾಲು ಉಕ್ಕುವುದು. ಹಾಲು ಉಕ್ಕಿ ಉರಿ ಆರುತ್ತದೆ, ನಾಬ್ ತೆರೆದೇ ಇರುತ್ತದೆ. ದೊಡ್ಡ ಬರ್ನರಿನಿಂದ ಗಂಟೆಗೆ ಸುಮಾರು 150 ಗ್ರಾಂ ಗ್ಯಾಸ್ ಬರುತ್ತದೆ, ಅನಿಲವಾಗಿ ಅದು 70 ಲೀಟರಿನಷ್ಟು. ಹಾಲಿಟ್ಟು ವಾಕಿಂಗ್ ಹೋದವರ ಮನೆಯಲ್ಲಿ ಅಷ್ಟೂ ನೆಲದ ಮೇಲೆ ಹರಡಿರುತ್ತದೆ. ಉರಿ ಆರಿದರೆ ಗ್ಯಾಸನ್ನು ತಾನೇ ನಿಲ್ಲಿಸುವ ವ್ಯವಸ್ಥೆಯಿರುವ ಒಲೆಗಳು ಈಗ ಸಿಗುತ್ತವೆ. ಉರಿಯ ಪಕ್ಕ ಪುಟ್ಟ ಲೋಹದ ಕಡ್ಡಿಯೊಂದು ನಿಂತಿರುತ್ತದೆ, ಅದು ತಣ್ಣಗಾದ ಕೂಡಲೇ ಕವಾಟ ಮುಚ್ಚುತ್ತದೆ. ವಯಸ್ಸಾದವರು ಒಬ್ಬರೇ ಇರುವ ಮನೆಗೆ ಹೊಸ ಒಲೆ ಕೊಳ್ಳುವುದಾದರೆ, ಗಾಜಿನ ಬಣ್ಣ ನೋಡುವ ಮೊದಲು ಇದು ಇದೆಯೇ ಎಂದು ಕೇಳಿ.

ಒಲೆ ಹಚ್ಚುವಾಗ ಕಡ್ಡಿ ಗೀರಿ, ಅಥವಾ ಲೈಟರನ್ನು ಬರ್ನರಿನ ಬಳಿ ಹಿಡಿದು, ಆಮೇಲೆ ನಾಬ್ ತಿರುಗಿಸಬೇಕು. ನಾಲ್ಕೈದು ಸಲ ಒತ್ತಿಯೂ ಹತ್ತದಿದ್ದರೆ ಮುಚ್ಚಿ, ಒಂದು ನಿಮಿಷ ಬಿಟ್ಟು ಮತ್ತೆ ಹಚ್ಚಿ. ರಾತ್ರಿ ಮಲಗುವ ಮುನ್ನ ರೆಗ್ಯುಲೇಟರ್ ಆಫ್ ಮಾಡುವುದು ಹಲ್ಲುಜ್ಜಿದಷ್ಟು ಸಹಜವಾಗಬೇಕು.

ಪಾತ್ರೆ ಕೊಳ್ಳುವಾಗ

ಈಗ ಪಾತ್ರೆಗೆ ಬರೋಣ. ಅಂಗಡಿಯಲ್ಲಿ ಹೊಳಪು ನೋಡಿ ಕೊಳ್ಳುವವರೇ ಹೆಚ್ಚು. ನೋಡಬೇಕಾದದ್ದು ತಳವನ್ನು. ಅದರ ಅಗಲ ನಿಮ್ಮ ಬರ್ನರಿನ ಉರಿಗಿಂತ ಸುತ್ತಲೂ ಒಂದೆರಡು ಬೆರಳಾದರೂ ಹೆಚ್ಚಿರಬೇಕು. ತಳ ಸಪಾಟಾಗಿ, ದಪ್ಪವಾಗಿ, ಸ್ಟ್ಯಾಂಡಿನ ಮೇಲೆ ಅಲ್ಲಾಡದೆ ಕೂರಬೇಕು. ಉದ್ದ ಹಿಡಿಯ ಪಾತ್ರೆಯಾದರೆ ಖಾಲಿ ಇದ್ದಾಗ ಹಿಡಿಯ ಭಾರಕ್ಕೆ ವಾಲುತ್ತದೆಯೇ ಎಂದು ಅಂಗಡಿಯಲ್ಲೇ ಇಟ್ಟು ನೋಡಿ. ಅಡುಗೆ ಮಾಡುವಾಗ ಆ ಹಿಡಿಯನ್ನು ಕಟ್ಟೆಯಿಂದ ಹೊರಗೆ ಚಾಚದೆ ಒಳಕ್ಕೆ ತಿರುಗಿಸಿಡಿ, ಮಕ್ಕಳ ಕೈ ಅಲ್ಲಿಗೇ ಹೋಗುವುದು.

ಲೋಹದ ವಿಚಾರ. ಶಾಖವನ್ನು ಹರಡುವುದರಲ್ಲಿ ತಾಮ್ರ ಮೊದಲು, ಆಮೇಲೆ ಅಲ್ಯೂಮಿನಿಯಂ, ಆಮೇಲೆ ಹಿತ್ತಾಳೆ, ಆಮೇಲೆ ಬೀಡುಕಬ್ಬಿಣ. ನಾವೆಲ್ಲ ಪ್ರೀತಿಸುವ ಸ್ಟೇನ್‌ಲೆಸ್ ಸ್ಟೀಲ್ ಕಟ್ಟಕಡೆಗೆ. ಅಲ್ಯೂಮಿನಿಯಂ ಸ್ಟೀಲಿಗಿಂತ ಸುಮಾರು ಹದಿನೈದು ಪಟ್ಟು ಚೆನ್ನಾಗಿ ಶಾಖ ಹರಡುತ್ತದೆ. ತೆಳು ಸ್ಟೀಲ್ ಪಾತ್ರೆಯಲ್ಲಿ ಹಾಲು ಕಾಯಿಸಿದಾಗ, ಪಾಯಸ ಮಾಡಿದಾಗ ತಳದಲ್ಲಿ ಬಳೆಯಾಕಾರದಲ್ಲಿ ಸೀದ ಗುರುತು ಬೀಳುವುದನ್ನು ಗಮನಿಸಿ. ಬರ್ನರಿನ ಉರಿಯ ವೃತ್ತ ಅದು. ಶಾಖ ಬಿದ್ದಲ್ಲೇ ನಿಂತಿತು, ಪಕ್ಕಕ್ಕೆ ಹರಿಯಲಿಲ್ಲ. ತಳದಲ್ಲಿ ದಪ್ಪ ಅಲ್ಯೂಮಿನಿಯಂ ತಟ್ಟೆ ಸೇರಿಸಿದ ಸ್ಟೀಲ್ ಪಾತ್ರೆಗಳು, ಇಡೀ ಪಾತ್ರೆಯೇ ಸ್ಟೀಲ್, ಅಲ್ಯೂಮಿನಿಯಂ, ಸ್ಟೀಲ್ ಎಂದು ಮೂರು ಪದರದ ಟ್ರೈಪ್ಲೈ ಪಾತ್ರೆಗಳು ಈ ಕೊರತೆ ತುಂಬುತ್ತವೆ. ಬೆಲೆ ಹೆಚ್ಚು, ನಿಜ. ಆದರೆ ಹಾಲಿಗೆ ಒಂದು, ಪಲ್ಯಕ್ಕೆ ಒಂದು ಅಂಥ ಪಾತ್ರೆ ಇದ್ದರೆ ಸೀದ ತಳ ಉಜ್ಜುವ ಕೆಲಸವೇ ಮಾಯ. ತಳಕ್ಕೆ ತಾಮ್ರದ ತೆಳು ಲೇಪ ಕೊಟ್ಟ ಸ್ಟೀಲ್ ಪಾತ್ರೆಗಳು ಕಣ್ಣಿಗೆ ಚೆಂದ ಅಷ್ಟೇ, ಅಷ್ಟು ತೆಳು ಲೇಪದಿಂದ ಶಾಖ ಹರಡಲಾರದು.

ಅಲ್ಯೂಮಿನಿಯಂ ಚೆನ್ನಾಗಿ ಕಾಯುತ್ತದೆ ನಿಜ, ಹುಣಸೆಹುಳಿ, ಟೊಮೆಟೊ ಬಿದ್ದ ಸಾರು ಹುಳಿಗಳಿಗೆ ಅದು ಹೊಂದುವುದಿಲ್ಲ. ಹುಳಿಗೆ ಲೋಹ ಬಿಟ್ಟುಕೊಂಡು ರುಚಿ ಕೆಡುತ್ತದೆ. ಅನ್ನಕ್ಕೆ, ಇಡ್ಲಿಗೆ, ಕರಿಯಲು ಸರಿ. ಕಲಾಯಿ ಹಾಕಿದ ಹಿತ್ತಾಳೆ ಪಾತ್ರೆ ಈಗ ಮತ್ತೆ ಮನೆಗಳಿಗೆ ಬರುತ್ತಿದೆ. ಅದರ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಕಲಾಯಿ ಎಂದರೆ ತವರ, ಅದು 232 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಖಾಲಿ ಪಾತ್ರೆಯನ್ನು ದೊಡ್ಡ ಉರಿಯಲ್ಲಿ ಬಿಟ್ಟರೆ ಆ ಬಿಸಿ ಕೆಲವೇ ನಿಮಿಷದಲ್ಲಿ ಬಂದುಬಿಡುತ್ತದೆ. ಕಟ್ಟಿಗೆಯ ಒಲೆಯಲ್ಲಿ ನೀರು ತುಂಬಿ ಆಮೇಲೆ ಬೆಂಕಿ ಹಾಕುತ್ತಿದ್ದ ಅಜ್ಜಿಯರ ರೂಢಿಯೇ ಇದಕ್ಕೆ ಸರಿ: ಮೊದಲು ನೀರು, ಆಮೇಲೆ ಉರಿ. ಕಲಾಯಿ ಹೋಗಿ ಹಳದಿ ಲೋಹ ಕಾಣತೊಡಗಿದರೆ ಅದರಲ್ಲಿ ಹುಳಿ ಪದಾರ್ಥ ಮಾಡಬೇಡಿ. ಲೋಹ ಆಹಾರಕ್ಕೆ ಇಳಿದು ಹೊಟ್ಟೆ ಕೆಡಿಸುತ್ತದೆ.

ನಾನ್‌ಸ್ಟಿಕ್‌ನ ಮಿತಿ 260 ಡಿಗ್ರಿಯ ಆಸುಪಾಸು. ಅದಕ್ಕಿಂತ ಹೆಚ್ಚಾದರೆ ಲೇಪ ಒಡೆಯತೊಡಗುತ್ತದೆ. ಮಿತಿಮೀರಿ ಕಾದ ಬಾಣಲೆಯ ಹೊಗೆಗೆ ಮನೆಯಲ್ಲಿ ಸಾಕಿದ ಗಿಳಿ, ಲವ್ ಬರ್ಡ್ಸ್ ಸಾಯುತ್ತವೆ, ನಮಗೂ ಒಳ್ಳೆಯದಲ್ಲ. ಖಾಲಿ ಕಾಯಿಸದೆ, ಸಣ್ಣ ಇಲ್ಲವೇ ನಡು ಉರಿಯಲ್ಲಿ, ಮರದ ಸೌಟಿನಿಂದ ಬಳಸಿದರೆ ತೊಂದರೆಯಿಲ್ಲ. ಚಪಾತಿ ಸುಡುವ ದೊಡ್ಡ ಉರಿಗೆ ಅದು ಸಲ್ಲದು.

ದೋಸೆಗೆ, ರೊಟ್ಟಿಗೆ ಕಬ್ಬಿಣದಷ್ಟು ಹೊಂದುವ ಲೋಹ ಬೇರೊಂದಿಲ್ಲವೆಂಬುದು ನನ್ನ ಗಟ್ಟಿ ಅಭಿಪ್ರಾಯ. ಬೀಡಿನ ಕಾವಲಿ ನಿಧಾನ ಕಾಯುತ್ತದೆ, ಕಾದ ಮೇಲೆ ತಣ್ಣನೆಯ ಹಿಟ್ಟು ಬಿದ್ದರೂ ಬಿಸಿ ಬಿಟ್ಟುಕೊಡುವುದಿಲ್ಲ. ಆದರೆ ಗ್ಯಾಸ್ ಒಲೆಯ ಉರಿ ನಡುವಿಗೆ ಬೀಳುತ್ತದೆ, ಕಾವಲಿ ಅದಕ್ಕಿಂತ ಅಗಲ. ಅವಸರದಲ್ಲಿ ದೊಡ್ಡ ಉರಿಯಿಟ್ಟು ಒಂದೇ ನಿಮಿಷಕ್ಕೆ ಹಿಟ್ಟು ಹುಯ್ದರೆ ನಡುವೆ ಕರಕಲು, ಅಂಚು ಬಿಳಿಬಿಳಿ. ನಡು ಉರಿಯಲ್ಲಿ ಐದಾರು ನಿಮಿಷ ಕಾಯಲು ಬಿಡಿ. ನೀರು ಚಿಮುಕಿಸಿದಾಗ ನಡುವೆಯೂ ಅಂಚಿನಲ್ಲೂ ಹನಿಗಳು ಒಂದೇ ಬಗೆಯಲ್ಲಿ ಚುರುಗುಟ್ಟಿ ಹಾರಿದರೆ ಕಾವಲಿ ತಯಾರು. ಪಡ್ಡಿನ ಹಂಚಿನಲ್ಲೂ ಇದೇ ಕಷ್ಟ. ಹಿಟ್ಟನ್ನು ಮೊದಲು ಅಂಚಿನ ಗುಳಿಗಳಿಗೆ, ಕೊನೆಗೆ ನಡುವಿನ ಗುಳಿಗೆ ಹುಯ್ದು, ತೆಗೆಯುವಾಗ ನಡುವಿನದನ್ನು ಮೊದಲು ತೆಗೆದರೆ ಎಲ್ಲವೂ ಒಂದೇ ಹದ. ಕಬ್ಬಿಣದಲ್ಲಿ ಹುಣಸೆಹುಳಿ ಮಾತ್ರ ಕುದಿಸಬೇಡಿ, ಕಪ್ಪಾಗುತ್ತದೆ. ಮಣ್ಣಿನ ಗಡಿಗೆ, ಬಳಪದ ಕಲ್ಲಿನ ಪಾತ್ರೆಗಳನ್ನು ಸಣ್ಣ ಉರಿಯಲ್ಲೇ ಶುರುಮಾಡಬೇಕು, ಇಲ್ಲದಿದ್ದರೆ ಬಿರಿಯುತ್ತವೆ. ಒಲೆ ಆರಿಸಿದ ಮೇಲೂ ಬಹಳ ಹೊತ್ತು ಕುದಿಯುವ ಗುಣ ಅವಕ್ಕಿದೆ, ಆದ್ದರಿಂದ ಹುಳಿ ಪೂರ್ತಿ ಬೇಯುವ ಮೊದಲೇ ಉರಿ ನಿಲ್ಲಿಸಬಹುದು.

ರಾಗಿ ಮುದ್ದೆ ಮಾಡುವವರಿಗೆ ಬೇರೆಯೇ ಒಂದು ಮಾತು. ಹಿಟ್ಟು ಬೆಂದ ಮೇಲೆ ಕೋಲು ಹಾಕಿ ತಿರುವುವುದು ಮೈಬಲದ ಕೆಲಸ. ಒಲೆಯ ಮೇಲೆಯೇ ತಿರುವಿದರೆ ಪಾತ್ರೆಯ ಜೊತೆ ಒಲೆಯೂ ಸರಿಯುತ್ತದೆ, ಪೈಪು ಎಳೆದು ಜೋಡಣೆ ಸಡಿಲವಾಗುತ್ತದೆ. ಉರಿ ಆರಿಸಿ ಪಾತ್ರೆಯನ್ನು ನೆಲಕ್ಕಿಳಿಸಿ, ಕಾಲಿನಿಂದಲೋ ಕವೆಗೋಲಿನಿಂದಲೋ ಒತ್ತಿ ಹಿಡಿದು ತಿರುವುವುದೇ ಸರಿ.

ಕುದಿ ಬಂದ ಮೇಲೆ ಉರಿ ಏಕೆ?

ಗ್ಯಾಸ್ ಎಷ್ಟು ಖರ್ಚಾಗುತ್ತದೆಂಬುದಕ್ಕೆ ಒಂದು ಲೆಕ್ಕ ಹಾಕಿ ನೋಡೋಣ. ಐಎಸ್‌ಐ ಗುರುತಿನ ಮನೆಬಳಕೆಯ ಒಲೆ, ಉರಿಯುವ ಗ್ಯಾಸಿನ ಶಾಖದಲ್ಲಿ ಕನಿಷ್ಠ ನೂರಕ್ಕೆ 68 ಪಾಲನ್ನು ಪಾತ್ರೆಗೆ ಕೊಡಬೇಕೆಂಬ ನಿಯಮವಿದೆ. ಆ ಲೆಕ್ಕದಲ್ಲಿ ಒಂದು ಲೀಟರ್ ತಣ್ಣೀರು ಕುದಿಯಲು ಸುಮಾರು 10 ಗ್ರಾಂ ಗ್ಯಾಸ್ ಸಾಕು. ಆದರೆ ಅದೇ ಒಂದು ಲೀಟರ್ ನೀರು ಪೂರ್ತಿ ಆವಿಯಾಗಿ ಹೋಗಲು ಅದರ ಏಳು ಪಟ್ಟು ಬೇಕು. ಕುದಿಯುವ ನೀರು ಎಷ್ಟೇ ಉರಿ ಕೊಟ್ಟರೂ ಇನ್ನಷ್ಟು ಬಿಸಿಯಾಗುವುದಿಲ್ಲ. ಬೇಳೆ, ತರಕಾರಿ ಬೇಯುವುದು ಬಿಸಿಯಿಂದಲೇ ಹೊರತು ಗುಳ್ಳೆಗಳ ಆರ್ಭಟದಿಂದ ಅಲ್ಲ. ಆದ್ದರಿಂದ ಕುದಿ ಬಂದ ಕೂಡಲೇ ಉರಿ ಸಣ್ಣ ಮಾಡಿ ಮುಚ್ಚಳ ಮುಚ್ಚಿ. ದೊಡ್ಡ ಉರಿಯಲ್ಲಿ ಬಿಟ್ಟರೆ ನೀವು ಗ್ಯಾಸ್ ಕೊಟ್ಟು ಆವಿ ಕೊಳ್ಳುತ್ತಿದ್ದೀರಿ.

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ, ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿ ಕಡಿಮೆ. ಮಂಗಳೂರಿನಲ್ಲಿ ತೆರೆದ ಪಾತ್ರೆಯಲ್ಲಿ ಬೇಯುವ ಬೇಳೆ ಇಲ್ಲಿ ತಡಮಾಡುವುದಕ್ಕೆ ಇದೂ ಕಾರಣ. ಕುಕ್ಕರಿನೊಳಗೆ ಒತ್ತಡದಿಂದಾಗಿ ಬಿಸಿ 120 ಡಿಗ್ರಿಯ ಹತ್ತಿರ ಹೋಗುತ್ತದೆ, ಊರು ಯಾವುದಾದರೂ ಕೆಲಸ ಬೇಗ. ಮೊದಲ ಕೂಗು ಬಂದ ಮೇಲೆ ಉರಿ ತಗ್ಗಿಸಿ, ಒಳಗಿನ ಒತ್ತಡ ಇರುವಷ್ಟು ಉರಿ ಮಾತ್ರ ಇಟ್ಟು ನಿಮಿಷ ಎಣಿಸಿ. ಕೂಗು ಎಣಿಸಿ ಅಡುಗೆ ಮಾಡುವುದೆಂದರೆ ಹೊರಹೋದ ಆವಿಯನ್ನು ಎಣಿಸಿದಂತೆ. ಕುಕ್ಕರ್ ಮುಚ್ಚುವ ಮುನ್ನ ಮುಚ್ಚಳವನ್ನು ಬೆಳಕಿಗೆ ಹಿಡಿದು ಆವಿ ಹೋಗುವ ಕೊಳವೆಯೊಳಗೆ ಬೆಳಕು ಕಾಣುತ್ತದೆಯೇ ನೋಡಿ. ತೊಗರಿಬೇಳೆಯ ಒಂದು ಸಿಪ್ಪೆ ಅಂಟಿ ಕೂತರೆ ಸಾಕು, ದಾರಿ ಬಂದ್. ಮೂರನೇ ಎರಡು ಭಾಗಕ್ಕಿಂತ ಹೆಚ್ಚು, ಬೇಳೆ ಅಕ್ಕಿಯಂತೆ ಉಬ್ಬುವ ಪದಾರ್ಥವಾದರೆ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಸೇಫ್ಟಿ ವಾಲ್ವ್ ಹೋದರೆ ಅದೇ ಕಂಪನಿಯದನ್ನೇ ಹಾಕಿಸಿ. 2021ರ ಫೆಬ್ರವರಿಯಿಂದ ಐಎಸ್‌ಐ ಗುರುತಿಲ್ಲದ ಕುಕ್ಕರ್ ಮಾರುವುದು ದೇಶದಲ್ಲಿ ಕಾನೂನುಬಾಹಿರ. ಸಂತೆಯಲ್ಲಿ, ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಆ ಗುರುತು ನೋಡದೆ ತರಬೇಡಿ.

ಎಣ್ಣೆಯ ಬಾಣಲೆಗೆ ಬೆಂಕಿ ಹತ್ತಿದರೆ ನೀರು ಎರಚಲೇಬಾರದು. ನೀರು ಎಣ್ಣೆಯ ಕೆಳಗಿಳಿದು ಒಮ್ಮೆಗೇ ಆವಿಯಾಗಿ ಉರಿಯುವ ಎಣ್ಣೆಯನ್ನು ಎಲ್ಲೆಡೆ ಎರಚುತ್ತದೆ. ನಾಬ್ ಮುಚ್ಚಿ, ತಟ್ಟೆಯಿಂದಲೋ ಮುಚ್ಚಳದಿಂದಲೋ ಬಾಣಲೆ ಮುಚ್ಚಿ, ತಣ್ಣಗಾಗುವವರೆಗೆ ಅದನ್ನು ಎತ್ತಬೇಡಿ. ಕರಿಯುವಾಗ ಹೊಂದುವ ಮುಚ್ಚಳವೊಂದು ಕೈಗೆಟುಕುವಲ್ಲಿ ಇರಲಿ.

ಗಾಜಿನ ಒಲೆ, ಕೊಳವೆ ಗ್ಯಾಸ್

ಗಾಜಿನ ಮೇಲ್ಭಾಗದ ಒಲೆ ಒರೆಸಲು ಸುಲಭ. ಅದಕ್ಕೆ ಬಳಸುವುದು ಗಟ್ಟಿಗೊಳಿಸಿದ ಗಾಜು, ಆದರೂ ಅಂಚಿಗೆ ಪೆಟ್ಟು ಬಿದ್ದರೆ ಇಡಿಯಾಗಿ ಪುಡಿಯಾಗುತ್ತದೆ. ಬಿಸಿ ಇರುವಾಗ ಒದ್ದೆ ಬಟ್ಟೆ ಹಾಕಬೇಡಿ. ಹಬ್ಬಕ್ಕೆ, ಮನೆಯ ಸಮಾರಂಭಕ್ಕೆ ದೊಡ್ಡ ದಬರಿಯನ್ನು ಎರಡು ಬರ್ನರುಗಳ ಮೇಲೆ ಚಾಚಿ ಇಟ್ಟರೆ ಶಾಖ ಕೆಳಕ್ಕೆ ತಿರುಗಿ ಗಾಜು, ನಾಬ್, ಪೈಪು ಎಲ್ಲವನ್ನೂ ಕಾಯಿಸುತ್ತದೆ. ಅಂಥ ಅಡುಗೆಗೆ ಅಂಗಳದಲ್ಲಿ ಬೇರೆ ದೊಡ್ಡ ಒಲೆ ಹೂಡುವುದೇ ಮೇಲು.

ಬೆಂಗಳೂರಿನ ಹಲವು ಬಡಾವಣೆಗಳಿಗೆ ಈಗ ಕೊಳವೆಯಲ್ಲಿ ನೈಸರ್ಗಿಕ ಅನಿಲ ಬರುತ್ತಿದೆ. ಅದರಲ್ಲಿರುವುದು ಮುಖ್ಯವಾಗಿ ಮೀಥೇನ್. ಒಂದು ಲೀಟರ್ ಸಿಲಿಂಡರ್ ಗ್ಯಾಸಿನಲ್ಲಿ ಇರುವ ಶಾಖದ ಅರ್ಧವೂ ಅದರಲ್ಲಿಲ್ಲ, ಒತ್ತಡವೂ ಕಡಿಮೆ. ಆದ್ದರಿಂದ ಜೆಟ್ಟಿನ ತೂತು ದೊಡ್ಡದಿರಬೇಕು. ಸಂಪರ್ಕ ಕೊಡುವವರೇ ಜೆಟ್ ಬದಲಿಸುತ್ತಾರೆ. ಎಚ್ಚರ ಬೇಕಾದದ್ದು ಇದರ ತಿರುವುಮುರುವಿಗೆ: ಹಾಗೆ ಬದಲಿಸಿದ ಒಲೆಯನ್ನು ಊರಿಗೆ ಒಯ್ದು, ಅಥವಾ ಮನೆ ಬದಲಿಸಿದಾಗ, ಹಾಗೆಯೇ ಸಿಲಿಂಡರಿಗೆ ಜೋಡಿಸಿದರೆ ಮಾರುದ್ದದ ಹಳದಿ ಉರಿ ಏಳುತ್ತದೆ. ಮೀಥೇನ್ ಗಾಳಿಗಿಂತ ಹಗುರ. ಸೋರಿದರೆ ಸೂರಿನತ್ತ ಏರುತ್ತದೆ, ಆದ್ದರಿಂದ ಆ ಮನೆಗಳಲ್ಲಿ ಮೇಲಿನ ಗವಾಕ್ಷಿ ತೆರೆದಿರಬೇಕು. ಸಿಲಿಂಡರ್ ಇರುವ ಮನೆಯಲ್ಲಿ ಗಾಳಿಯ ದಾರಿ ನೆಲದ ಮಟ್ಟದಲ್ಲಿರಬೇಕು. ಕಟ್ಟೆಯ ಕೆಳಗೆ ಚೆಂದದ ಬಾಗಿಲು ಹಾಕಿಸಿ ಸಿಲಿಂಡರನ್ನು ಬಚ್ಚಿಟ್ಟವರು ಆ ಬಾಗಿಲಿನ ಕೆಳಭಾಗದಲ್ಲಿ ಜಾಲರಿ ಇಡಿಸಿಕೊಳ್ಳಿ.

ಇಷ್ಟನ್ನು ಓದಿದ ಮೇಲೆ ಒಂದು ಕೆಲಸ ನಾಳೆಗೆ ಬಿಡದೆ ಮಾಡಿ. ಅಡುಗೆಮನೆಗೆ ಹೋಗಿ ಪೈಪಿನ ಮೇಲೆ ಅಚ್ಚಾದ ವರ್ಷ ನೋಡಿ. ಐದು ವರ್ಷ ದಾಟಿದ್ದರೆ ಇವತ್ತೇ ಏಜೆನ್ಸಿಗೆ ಫೋನ್ ಮಾಡಿ ಹೊಸದು ಹಾಕಿಸಿ, 1906 ಎಂಬ ಸಂಖ್ಯೆಯನ್ನು ಮನೆಯ ಎಲ್ಲರ ಫೋನಿನಲ್ಲೂ ಬರೆದಿಡಿ.